ಮಗು ನೋಡಿಕೊಳ್ಳಲು ಗಂಟೆಗೆ ಎಷ್ಟು ಕೇಳಬೇಕು?

ಮಗು ನೋಡಿಕೊಳ್ಳುವ ಕೆಲಸ ಇದೆಯಂತೆ ಎಂದು ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿಗೆ ಹೋಗಿ ಕೂತರೆ ಮೊದಲು ಕುಡಿಯಲು ನೀರು ಬರುತ್ತದೆ, ಹಿಂದೆಯೇ ಪ್ರಶ್ನೆ ಬರುತ್ತದೆ: ‘ತಿಂಗಳಿಗೆ ಎಷ್ಟು ತಗೋತೀರಾ?’ ಹೊಸಬರು ಜಾರುವುದು ಇಲ್ಲೇ. ಪಕ್ಕದ ಬೀದಿಯವರು ತೆಗೆದುಕೊಳ್ಳುವುದಕ್ಕಿಂತ ಒಂದು ಸಾವಿರ ಕಡಿಮೆ ಹೇಳಿದರೆ ಕೆಲಸ ಗಟ್ಟಿ ಎಂದುಕೊಂಡು ಬಾಯಿಗೆ ಬಂದ ಅಂಕಿ ಹೇಳಿಬಿಡುತ್ತಾರೆ. ಅಂಕಿ ಒಮ್ಮೆ ಬಾಯಿಂದ ಬಿದ್ದರೆ ಮುಗಿಯಿತು. ಮುಂದಿನ ವರ್ಷ ನೂರು ರೂಪಾಯಿ ಹೆಚ್ಚಿಸಲು ಕೇಳುವಾಗಲೂ ‘ನೀವೇ ತಾನೇ ಅವತ್ತು ಹೇಳಿದ್ದು’ ಎಂಬ ಮಾತು ಕೇಳಬೇಕಾಗುತ್ತದೆ.

ಆ ಪ್ರಶ್ನೆಗೆ ಸರಿಯಾದ ಉತ್ತರ ದುಡ್ಡಿನ ಅಂಕಿ ಅಲ್ಲವೇ ಅಲ್ಲ. ‘ಎಷ್ಟು ಹೊತ್ತಿಂದ ಎಷ್ಟು ಹೊತ್ತಿನ ತನಕ ಮೇಡಂ? ವಾರಕ್ಕೆ ಎಷ್ಟು ದಿನ? ಮಗೂಗೆ ಎಷ್ಟು ತಿಂಗಳು? ಅಡುಗೆ, ಬಟ್ಟೆ ಬೇರೆಯವರು ನೋಡ್ಕೋತಾರಾ?’ ಎಂದು ಕೇಳಿ. ಎಲ್ಲದಕ್ಕೂ ಉತ್ತರ ಬಂದ ಮೇಲೆ ‘ಲೆಕ್ಕ ಹಾಕಿ ಸಂಜೆ ಫೋನ್ ಮಾಡ್ತೀನಿ’ ಎಂದು ಎದ್ದು ಬನ್ನಿ. ಹಾಗೆ ಹೇಳಿದರೆ ಕೆಲಸ ಕೈತಪ್ಪುತ್ತದೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಆದರೆ ಮಗುವನ್ನು ನಂಬಿ ಬಿಟ್ಟುಹೋಗಲು ಒಬ್ಬರನ್ನು ಹುಡುಕುತ್ತಿರುವ ಮನೆಯವರು ಒಂದು ಸಂಜೆ ಖಂಡಿತ ಕಾಯುತ್ತಾರೆ.

ಗಂಟೆಯ ಲೆಕ್ಕವೇ ಯಾಕೆ ಬೇಕು ಎನ್ನುವವರಿಗೆ ಒಂದು ಉದಾಹರಣೆ. ಸಂಬಳ 16,000 ರೂಪಾಯಿ, ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಕೆಲಸ, ಭಾನುವಾರ ರಜೆ. ಮೊದಲ ಕೆಲಸಕ್ಕೆ ಪರವಾಗಿಲ್ಲ ಅನ್ನಿಸುವ ಮಾತು. ದಿನಕ್ಕೆ 9 ಗಂಟೆಯಂತೆ 26 ದಿನಕ್ಕೆ 234 ಗಂಟೆ. ಗಂಟೆಗೆ 68 ರೂಪಾಯಿ ಬಿತ್ತು. ಆದರೆ 6ಕ್ಕೆ ಬರಬೇಕಾದ ತಾಯಿ ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ದಿನವೂ ಆರೂವರೆಗೆ ಬರುತ್ತಾರೆ. ಅಲ್ಲಿಗೆ ತಿಂಗಳಿಗೆ 13 ಗಂಟೆ ಕೂಡಿಕೊಂಡು ದರ 65ಕ್ಕೆ ಇಳಿಯಿತು. ನಿಮ್ಮ ಮನೆಯಿಂದ ಅಲ್ಲಿಗೆ ಹೋಗಿಬರಲು ದಿನಕ್ಕೆ ಎರಡು ಗಂಟೆ ಬೇಕಾದರೆ ಮತ್ತೆ 52 ಗಂಟೆ. ಒಟ್ಟು 299 ಗಂಟೆಗೆ 16,000 ಅಂದರೆ ಗಂಟೆಗೆ 53 ರೂಪಾಯಿ ಚಿಲ್ಲರೆ. 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅದನ್ನು 8 ಗಂಟೆಗೆ ಭಾಗಿಸಿದರೆ 46 ರೂಪಾಯಿ. ಊರಿನ ಕೆರೆಯ ಹೂಳೆತ್ತುವ ಕೂಲಿಗೂ ಬೆಂಗಳೂರಿನ ಹದಿನಾಲ್ಕನೇ ಮಹಡಿಯಲ್ಲಿ ಹಸುಗೂಸಿನ ಹೊಣೆ ಹೊತ್ತವರ ಸಂಬಳಕ್ಕೂ ನಡುವೆ ಉಳಿದ ಅಂತರ ಏಳು ರೂಪಾಯಿ!

ಸಂಬಳವನ್ನು ತಿಂಗಳಿಗೊಮ್ಮೆ ತೆಗೆದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಬಾಡಿಗೆ, ಚೀಟಿ, ಮಕ್ಕಳ ಫೀಸು ಎಲ್ಲ ತಿಂಗಳ ಲೆಕ್ಕದಲ್ಲೇ ನಡೆಯುವುದು. ದರವನ್ನು ಮಾತ್ರ ಗಂಟೆಗೆ ಕಟ್ಟಿ, ಅದರಿಂದ ತಿಂಗಳ ಮೊತ್ತ ತೆಗೆಯಬೇಕು. ಅವಧಿ ಬೆಳೆದಾಗ ದುಡ್ಡೂ ಬೆಳೆಯಬೇಕು ಎಂದು ಕೇಳಲು ಕೈಯಲ್ಲಿ ಆಧಾರ ಇರುವುದು ಆಗ ಮಾತ್ರ.

ತಳ ಎಲ್ಲಿದೆ?

ಯಾವುದೇ ದರಕ್ಕೆ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಒಂದು ತಳ ಬೇಕು. ಈ ವಿಷಯದಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸ್ವಲ್ಪ ಅನುಕೂಲವಿದೆ. ಮನೆಗೆಲಸಕ್ಕೂ ಕನಿಷ್ಠ ವೇತನ ಇರಬೇಕು ಎಂದು ಮೊದಮೊದಲು ಒಪ್ಪಿದ ರಾಜ್ಯಗಳಲ್ಲಿ ನಮ್ಮದೂ ಒಂದು. 2004ರಲ್ಲೇ ದರ ನಿಗದಿಯಾಯಿತು. ಕಾರ್ಮಿಕ ಇಲಾಖೆ ಪ್ರಕಟಿಸುವ ಕನಿಷ್ಠ ವೇತನದ ಪಟ್ಟಿಯಲ್ಲಿ ಮನೆಗೆಲಸದ ಬಾಬತ್ತು ಬೇರೆಯೇ ಇರುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿ ಅದರ ಅಂಕಿ ಬದಲಾಗುತ್ತದೆ. ಇಲಾಖೆಯ ವೆಬ್‌ಸೈಟಿನಲ್ಲಿ ಈ ವರ್ಷದ ಪಟ್ಟಿ ತೆಗೆಸಿ ನೋಡಿ. ನಿಮಗೆ ಆಗದಿದ್ದರೆ ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಹೇಳಿ. ತಿಂಗಳ ಮೊತ್ತವನ್ನು 208ರಿಂದ ಭಾಗಿಸಿದರೆ ಗಂಟೆಯ ದರ ಸಿಗುತ್ತದೆ. ದಿನಕ್ಕೆ 8 ಗಂಟೆಯಂತೆ 26 ದಿನಕ್ಕೆ 208. ಈ ಅಂಕಿಯನ್ನು ನೆನಪಿಟ್ಟುಕೊಂಡರೆ ಯಾರು ಎಂಥ ಸಂಬಳ ಹೇಳಿದರೂ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ತಕ್ಷಣ ಅಳೆಯಬಹುದು.

ಸರ್ಕಾರದ ಪಟ್ಟಿ ತೋರಿಸುವುದು ತಳವನ್ನು. ಅದನ್ನೇ ನಿಮ್ಮ ದರ ಎಂದು ಹೇಳಬೇಡಿ. ಪೇಟೆಯ ದರ ಗೊತ್ತಾಗಬೇಕಾದರೆ ಬೆಳಿಗ್ಗೆ ಎಂಟರ ಹೊತ್ತಿಗೆ ಆ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ನಿಲ್ಲಿ. ಕೆಲಸಕ್ಕೆ ಬರುವ ಹೆಂಗಸರೆಲ್ಲ ಅಲ್ಲಿ ಎಂಟ್ರಿ ಮಾಡಿಸಿ ಒಳಗೆ ಹೋಗುವುದು. ಮಗು ನೋಡಿಕೊಳ್ಳುವ ಮೂರು ಜನರನ್ನು ಮಾತಾಡಿಸಿ. ಒಬ್ಬರು ಹೆಚ್ಚು ಹೇಳಬಹುದು, ಒಬ್ಬರು ಕಡಿಮೆ ಹೇಳಬಹುದು, ಮೂವರ ಮಾತಿನ ನಡುವೆ ನಿಜ ಇರುತ್ತದೆ. ಬೆಳ್ಳಂದೂರು, ವೈಟ್‌ಫೀಲ್ಡ್, ಎಚ್‌ಎಸ್‌ಆರ್ ಲೇಔಟ್ ಕಡೆ ಪೂರ್ತಿ ದಿನದ ಕೆಲಸಕ್ಕೆ 15,000ದಿಂದ 25,000ದವರೆಗೆ ಮಾತು ಕೇಳಿಬರುತ್ತದೆ. 208ರಿಂದ ಭಾಗಿಸಿದರೆ ಗಂಟೆಗೆ ಸುಮಾರು 72ರಿಂದ 120. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಇದೇ ಅಂಕಿ ಹಿಡಿದು ಹೋಗಬೇಡಿ, ಅಲ್ಲಿನ ಗೇಟಿನಲ್ಲೇ ವಿಚಾರಿಸಿ. ಹತ್ತಿರದ ಡೇ ಕೇರ್‌ನಲ್ಲಿ ತಿಂಗಳ ಫೀಸು ಎಷ್ಟು ಎಂದೂ ಕೇಳಿಕೊಳ್ಳಿ. ಆ ಮನೆಯವರ ಮುಂದಿರುವ ಇನ್ನೊಂದು ದಾರಿ ಅದೇ. ಡೇ ಕೇರ್‌ನಲ್ಲಿ ಒಬ್ಬರು ಹಲವು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಮಗುವಿಗೆ ಜ್ವರ ಬಂದ ದಿನ ಕರೆದುಕೊಂಡು ಹೋಗಿ ಎನ್ನುತ್ತಾರೆ. ಮನೆಗೇ ಬಂದು ಒಂದೇ ಮಗುವನ್ನು ನೋಡಿಕೊಳ್ಳುವ ನಿಮ್ಮ ಕೆಲಸ ಅದಕ್ಕಿಂತ ದುಬಾರಿಯಾಗಿರುವುದು ಸಹಜ, ಅದಕ್ಕೆ ಮುಜುಗರ ಬೇಡ.

ಮೊಬೈಲ್ ಆ್ಯಪ್ ತೋರಿಸಿ ‘ಇಲ್ಲಿ ನೋಡಿ, ಗಂಟೆಗೆ ಇಷ್ಟೇ’ ಎನ್ನುವವರೂ ಈಗ ಸಿಗುತ್ತಾರೆ. 2025ರ ಮಾರ್ಚ್‌ನಲ್ಲಿ ಅರ್ಬನ್ ಕಂಪನಿ ಮುಂಬೈಯಲ್ಲಿ 15 ನಿಮಿಷದಲ್ಲಿ ಮನೆಗೆಲಸದವರನ್ನು ಕಳಿಸುವ ಸೇವೆ ಶುರು ಮಾಡಿ ಗಂಟೆಗೆ 49 ರೂಪಾಯಿ ಎಂದು ಜಾಹೀರಾತು ಕೊಟ್ಟಿತ್ತು. ದೊಡ್ಡ ಟೀಕೆಯೇ ಎದ್ದಿತು. ಅದು ಗಿರಾಕಿಗಳನ್ನು ಸೆಳೆಯಲು ಇಟ್ಟ ಆರಂಭದ ಬೆಲೆ, ಕೆಲಸ ಮಾಡುವವರಿಗೆ ಗಂಟೆಗೆ 150ರಿಂದ 180 ರೂಪಾಯಿ ಸಿಗುತ್ತದೆ ಎಂದು ಕಂಪನಿಯೇ ಹೇಳಿತು. ಗಿರಾಕಿ ಕೊಡುವ ಬೆಲೆ ಬೇರೆ, ದುಡಿಯುವವರ ಕೈಗೆ ಬರುವುದು ಬೇರೆ. ಆ್ಯಪ್ ತೋರಿಸಿದವರಿಗೆ ಇಷ್ಟು ಹೇಳಿದರೆ ಸಾಕು. ಮೇಲಾಗಿ ಅದು ಪಾತ್ರೆ, ಕಸ, ನೆಲದ ಕೆಲಸ. ಹತ್ತು ತಿಂಗಳ ಮಗುವನ್ನು 15 ನಿಮಿಷದಲ್ಲಿ ಬಂದವರ ಕೈಗೆ ಯಾರೂ ಕೊಡುವುದಿಲ್ಲ.

ಬಸ್ ಫ್ರೀ, ಹೊತ್ತು ಫ್ರೀ ಅಲ್ಲ

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಎಸಿ ಬಸ್ಸಿಗೂ ಮೆಟ್ರೋಗೂ ಅದು ಅನ್ವಯಿಸುವುದಿಲ್ಲ. ‘ಬಸ್ ಫ್ರೀ ಅಲ್ವಾ’ ಎಂದು ಓಡಾಟದ ಮಾತನ್ನೇ ತಳ್ಳಿಹಾಕುವ ಮನೆಯವರಿದ್ದಾರೆ. ಬಸ್ಸಿನಲ್ಲಿ ನಿಂತು ಕಳೆಯುವ ಒಂದೂವರೆ ಗಂಟೆಗೂ ಬೆಲೆಯಿದೆ. ಅದರಲ್ಲೂ ಕೆಲಸದ ಅವಧಿ ಚಿಕ್ಕದಾದಷ್ಟೂ ಆ ಒಂದೂವರೆ ಗಂಟೆ ಭಾರವಾಗುತ್ತದೆ.

ಮನೆಯಿಂದ ಹೊರಟು ಮನೆ ಸೇರುವ ತನಕ ಗಂಟೆಗೆ 80 ರೂಪಾಯಿಯಾದರೂ ಬೀಳಬೇಕು ಎಂದು ನಿಮ್ಮ ಮನಸ್ಸಿನಲ್ಲಿದೆ ಅನ್ನೋಣ. ಎಂಟು ಗಂಟೆಯ ಕೆಲಸಕ್ಕೆ ಓಡಾಟ ಸೇರಿ ಒಂಬತ್ತೂವರೆ ಗಂಟೆ, 760 ರೂಪಾಯಿ. ಅದನ್ನು ಎಂಟರಿಂದ ಭಾಗಿಸಿದರೆ ಕೇಳಬೇಕಾದ ದರ 95. ಸ್ಕೂಲ್ ಬಿಟ್ಟ ಮೇಲೆ ಮೂರರಿಂದ ಏಳರವರೆಗೆ ಮಾತ್ರ ಬನ್ನಿ ಎಂದರೆ ನಾಲ್ಕು ಗಂಟೆಯ ಕೆಲಸಕ್ಕೆ ಐದೂವರೆ ಗಂಟೆ ಹೋಗುತ್ತದೆ, 440 ರೂಪಾಯಿ, ದರ 110. ಅರ್ಧ ದಿನದ ಕೆಲಸ ಅಂದಮಾತ್ರಕ್ಕೆ ಅರ್ಧ ಸಂಬಳ ಹೇಳುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಅವಧಿ ಅರ್ಧವಾದರೆ ಸಂಬಳ ಅರ್ಧಕ್ಕಿಂತ ಸ್ವಲ್ಪ ಮೇಲೇ ಇರಬೇಕು. ನಡೆದು ಹೋಗುವಷ್ಟು ಹತ್ತಿರ ಮನೆಯಿದ್ದರೆ ಮಾತ್ರ ಐದು ಹತ್ತು ರೂಪಾಯಿ ಬಿಟ್ಟುಕೊಡಬಹುದು, ಅದು ನಿಮಗೂ ಲಾಭವೇ.

ರಾತ್ರಿಯ ಬೇಬಿ ಸಿಟ್ಟಿಂಗ್ ಇನ್ನೂ ಬೇರೆ. ಮದುವೆ ರಿಸೆಪ್ಷನ್ ಇದೆ, ಏಳರಿಂದ ಹತ್ತೂವರೆ ತನಕ ಮಗು ನೋಡ್ಕೊಳ್ಳಿ ಎನ್ನುತ್ತಾರೆ. ಗಂಟೆಗೆ 120ರಂತೆ 420 ರೂಪಾಯಿ ಬಂತು. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೊ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರ ನಂತರ ಒಂದೂವರೆ ಪಟ್ಟು. ಎಂಟು ಕಿಲೋಮೀಟರ್ ದೂರದ ಮನೆಗೆ 216 ರೂಪಾಯಿ. ಅದೂ ಆಟೊದವರು ಮೀಟರ್ ಹಾಕಿದರೆ! ಕೈಯಲ್ಲಿ ಉಳಿಯುವುದು 204. ಆದ್ದರಿಂದ ಇಂಥ ಕೆಲಸಕ್ಕೆ ಎರಡು ಷರತ್ತು ಇಡಿ. ಎಷ್ಟೇ ಕಡಿಮೆ ಹೊತ್ತಾದರೂ ನಾಲ್ಕು ಗಂಟೆಯ ದುಡ್ಡು, ವಾಪಸ್ ಹೋಗುವ ಆಟೊ ಅಥವಾ ಕ್ಯಾಬ್ ಅವರೇ ಬುಕ್ ಮಾಡಿಕೊಡಬೇಕು. ಎರಡನೆಯದರಲ್ಲಿ ದುಡ್ಡಿಗಿಂತ ನಿಮ್ಮ ಕ್ಷೇಮದ ಪ್ರಶ್ನೆ ದೊಡ್ಡದು.

ಅನುಭವ ಇಲ್ಲ ಅಂದರೆ ಎಷ್ಟು ಇಲ್ಲ?

‘ಮೊದಲ ಸಲ ಅಲ್ವಾ, ಸ್ವಲ್ಪ ನೋಡಿ ಹೇಳಿ’ ಎಂಬ ಮಾತು ಬಂದೇ ಬರುತ್ತದೆ. ಇಲ್ಲಿ ಪ್ರಾಮಾಣಿಕವಾಗಿರಿ, ಆದರೆ ಕುಗ್ಗಬೇಡಿ. ಇಬ್ಬರು ಮಕ್ಕಳನ್ನು ಹೆತ್ತು ಸಾಕಿದವರು, ತಂಗಿಯ ಬಾಣಂತನ ಮಾಡಿದವರು, ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವರು ಹೊಸಬರಲ್ಲ. ಅವರಿಗೆ ಸಂಬಳಕ್ಕೆ ಮಗು ನೋಡಿಕೊಂಡು ಗೊತ್ತಿಲ್ಲ, ಅಷ್ಟೆ. ವ್ಯತ್ಯಾಸ ಇಲ್ಲವೇ ಇಲ್ಲ ಎನ್ನಲಾಗದು. ಸ್ವಂತ ಮಗು ಮಂಚದಿಂದ ಬಿದ್ದರೆ ಅರಿಶಿನ ಹಚ್ಚಿ ಸುಮ್ಮನಾಗುತ್ತೀರಿ; ಇಲ್ಲಿ ಎಷ್ಟು ಹೊತ್ತಿಗೆ, ಹೇಗೆ ಎಂದು ತಕ್ಷಣ ಫೋನ್ ಮಾಡಿ ಹೇಳಬೇಕು. ಬಾಟಲಿ ಸ್ಟೆರಿಲೈಸ್ ಮಾಡುವುದು, ಡೈಪರ್ ಎಷ್ಟು ಹೊತ್ತಿಗೆ ಬದಲಿಸಿದ್ದು, ಎಷ್ಟು ಕುಡಿಯಿತು, ಎಷ್ಟು ಮಲಗಿತು ಎಂದು ಬರೆದಿಡುವುದು, ಟೀವಿ ಹಾಕಬೇಡಿ ಎಂದರೆ ಹಾಕದಿರುವುದು ಇವೆಲ್ಲ ಕಲಿಯಲು ಕೆಲವು ವಾರ ಬೇಕು.

ಆ ಕಲಿಕೆಯ ಹೊತ್ತಿಗೆ ದರದಲ್ಲಿ ಹತ್ತನೇ ಒಂದು ಭಾಗ ಬಿಟ್ಟುಕೊಡುವುದು ನ್ಯಾಯ ಅನ್ನಿಸುತ್ತದೆ, ಅದಕ್ಕಿಂತ ಹೆಚ್ಚಲ್ಲ. ಅದಕ್ಕೆ ಕೊನೆಯ ತಾರೀಕೂ ಇರಬೇಕು. ‘ಗಂಟೆಗೆ 100 ನನ್ನ ರೇಟು ಮೇಡಂ. ಮೊದಲ ಮೂರು ತಿಂಗಳು 90 ಕೊಡಿ, ನಾಲ್ಕನೇ ತಿಂಗಳಿಂದ 100’ ಎಂದು ಮೊದಲ ದಿನವೇ ಹೇಳಿ. ‘ಆಮೇಲೆ ನೋಡೋಣ’ ಎಂದು ಶುರುವಾದ ಮಾತು ಆಮೇಲೆ ಯಾವತ್ತೂ ನೋಡುವುದಿಲ್ಲ. ಇನ್ನೊಂದು ವಿಷಯ, ಟ್ರಯಲ್ ಎಂದು ಎರಡು ದಿನ ಬಿಟ್ಟಿ ಕೆಲಸ ಮಾಡಿಸಿಕೊಳ್ಳಲು ಬಿಡಬೇಡಿ. ನಿಮ್ಮನ್ನು ನೋಡಲು ಅವರಿಗೆ ಎರಡು ದಿನ ಬೇಕು ಎನ್ನುವುದು ಸರಿ, ಆ ಎರಡು ದಿನವೂ ಕೆಲಸವೇ.

ದರ ಏರಿಸುವ ಸಂಗತಿಗಳೂ ಇವೆ. ಖಾಸಗಿ ಕಂಪನಿಗಳ ತಾಯಂದಿರಿಗೆ ಹೆರಿಗೆ ರಜೆ ಕಾನೂನಿನ 2017ರ ತಿದ್ದುಪಡಿಯ ನಂತರ 26 ವಾರಗಳ ರಜೆ ಸಿಗುತ್ತದೆ. ಅದು ಮುಗಿಯುವ ಹೊತ್ತಿಗೆ ಮಗುವಿಗೆ ಐದಾರು ತಿಂಗಳು. ನಿಮ್ಮನ್ನು ಹುಡುಕಿಕೊಂಡು ಬರುವ ಮನೆಗಳಲ್ಲಿ ಬಹುಪಾಲು ಇದೇ ಹಂತದಲ್ಲಿರುತ್ತವೆ. ಕುತ್ತಿಗೆ ಈಗತಾನೇ ನಿಂತ, ಬಾಯಿಗೆ ಸಿಕ್ಕಿದ್ದನ್ನೆಲ್ಲ ಹಾಕಿಕೊಳ್ಳುವ, ಹೊಸದಾಗಿ ಊಟ ಶುರುವಾದ ಮಗು. ಒಂದು ನಿಮಿಷ ಕಣ್ಣು ತೆಗೆಯುವಂತಿಲ್ಲ. ರಾಗಿ ಸರಿಯನ್ನು ಗಂಟಾಗದಂತೆ ಕಾಯಿಸಿ, ಮಗುವಿನ ಗಂಟಲಿಗೆ ಸಿಕ್ಕದ ಹದಕ್ಕೆ ತರುವುದು ಗೊತ್ತಿದ್ದರೆ ಬಾಯಿ ಬಿಟ್ಟು ಹೇಳಿ. ಪ್ಯಾಕೆಟ್ ಸೆರೆಲಾಕ್ ಬಿಟ್ಟು ಬೇರೆ ತಿಳಿಯದ ಮನೆಗಳಲ್ಲಿ ಅದು ದೊಡ್ಡ ವಿದ್ಯೆ. ಒಂದು ವರ್ಷದೊಳಗಿನ ಮಗುವಿಗೆ ನಿಮ್ಮ ಮಾಮೂಲಿ ದರದ ಮೇಲೆ ಹತ್ತು ಹದಿನೈದು ರೂಪಾಯಿ ಕೇಳಬಹುದು. ಎಣ್ಣೆ ಹಚ್ಚಿ ನೀರು ಹಾಕುವುದನ್ನು ಮಾತ್ರ ಇದರಲ್ಲಿ ಸೇರಿಸಿಕೊಳ್ಳಬೇಡಿ. ಎಳೆಗೂಸಿಗೆ ನೀರು ಹಾಕುವವರು ನಮ್ಮಲ್ಲಿ ಮೊದಲಿಂದಲೂ ಬೇರೆ, ಅವರ ಲೆಕ್ಕವೂ ಬೇರೆ. ನಿಮಗೆ ಬರುತ್ತದೆ, ಮಾಡುತ್ತೀರಿ ಎಂದಾದರೆ ಅದನ್ನು ಬೇರೆ ಕೆಲಸ ಎಂದೇ ಎಣಿಸಿ.

ಪ್ರಥಮ ಚಿಕಿತ್ಸೆಯ ತರಬೇತಿಯಷ್ಟು ಬೇಗ ದರ ಏರಿಸುವ ಕಲಿಕೆ ಇನ್ನೊಂದಿಲ್ಲ. ಸೇಂಟ್ ಜಾನ್ ಆಂಬುಲೆನ್ಸ್, ರೆಡ್‌ಕ್ರಾಸ್ ಸಂಸ್ಥೆಗಳು ತರಬೇತಿ ಕೊಟ್ಟು ಪ್ರಮಾಣಪತ್ರ ನೀಡುತ್ತವೆ. ಕೂಸಿನ ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ ತಲೆ ಕೆಳಗಾಗುವಂತೆ ಮುಂಗೈ ಮೇಲೆ ಕವುಚಿ ಮಲಗಿಸಿ ಬೆನ್ನಿಗೆ ಐದು ಸಲ ತಟ್ಟುವುದು, ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತುವುದು. ಇದನ್ನು ಕೈಯಾರೆ ಕಲಿತವರು ಸಂದರ್ಶನದಲ್ಲಿ ಹೇಳಿದರೆ ಎದುರಿಗೆ ಕೂತ ತಾಯಿಯ ಮುಖವೇ ಬದಲಾಗುತ್ತದೆ. ತಾಯಂದಿರಲ್ಲಿ ಬಹಳ ಜನಕ್ಕೆ ಅದು ಗೊತ್ತಿರುವುದಿಲ್ಲ.

ಮಗು ಮಲಗಿದ ಹೊತ್ತು ಯಾರದು?

ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಈ ಹೊತ್ತಿನಲ್ಲಿ. ಮಧ್ಯಾಹ್ನ ಹನ್ನೆರಡರಿಂದ ಎರಡರ ತನಕ ಮಗು ಮಲಗುತ್ತದೆ. ‘ಆಗ ನಿಮಗೇನೂ ಕೆಲಸ ಇರಲ್ವಲ್ಲ, ನಾಲ್ಕು ಪಾತ್ರೆ ತೊಳೆದುಬಿಡಿ ಅಕ್ಕ’ ಎಂದು ಶುರುವಾಗುತ್ತದೆ. ಮುಂದಿನ ವಾರ ಬಟ್ಟೆ ಮಡಚುವುದು, ಆಮೇಲೆ ತರಕಾರಿ ಹೆಚ್ಚುವುದು, ದೀಪಾವಳಿ ಹತ್ತಿರ ಬಂದಾಗ ಫ್ಯಾನ್ ಒರೆಸುವುದು. ಇನ್ನು ಕೆಲವರು ಆ ಎರಡು ಗಂಟೆಯನ್ನು ಸಂಬಳದಿಂದ ಕಳೆಯಲು ನೋಡುತ್ತಾರೆ.

ಮಗು ಮಲಗಿದಾಗ ನೀವು ಮನೆಗೆ ಹೋಗಿ ಬರುವಂತಿಲ್ಲ, ಅಂಗಡಿಗೆ ಇಳಿಯುವಂತಿಲ್ಲ, ಕಣ್ಣು ಮುಚ್ಚುವಂತಿಲ್ಲ. ವಾಚ್‌ಮನ್ ಕಳ್ಳ ಬಾರದ ರಾತ್ರಿಗೂ ಸಂಬಳ ತೆಗೆದುಕೊಳ್ಳುತ್ತಾನೆ. ಎಚ್ಚರವಾಗಿ ಕಾಯುವ ಹೊತ್ತೂ ಪೂರ್ತಿ ದರದ ಹೊತ್ತೇ, ಇದರಲ್ಲಿ ರಾಜಿ ಬೇಡ. ಮಗುವಿಗೆ ಸಂಬಂಧಿಸಿದ ಕೆಲಸವನ್ನು ಆಗ ಮಾಡುವುದು ಸರಿಯಾದ ರೀತಿ. ಅದರ ಬಾಟಲಿ, ತಟ್ಟೆ, ಬಟ್ಟೆ, ಆಟದ ಸಾಮಾನು, ಅದರ ಊಟ ನಿಮ್ಮ ಕೆಲಸ. ಮನೆಯವರ ಪಾತ್ರೆ, ಮನೆಯವರ ಅಡುಗೆ, ನೆಲ ಒರೆಸುವುದು ಇನ್ನೊಬ್ಬರ ಕೆಲಸ. ಆ ಇನ್ನೊಬ್ಬರಿಗೂ ಸಂಬಳ ಬೇಕಲ್ಲವೇ! ಅಡುಗೆಯನ್ನೂ ನೀವೇ ಮಾಡುವುದು ಅನುಕೂಲ ಎಂದು ಇಬ್ಬರಿಗೂ ಅನ್ನಿಸಿದರೆ ಅದಕ್ಕೆ ಬೇರೆ ಮೊತ್ತ ಮಾತಾಡಿ. ಹಾಗೆ ಮಾತಾಡುವಾಗ ಒಂದು ಕೇಳಿ: ಒಲೆಯ ಮುಂದೆ ನಿಂತಾಗ ಮಗುವನ್ನು ನೋಡುವವರು ಯಾರು? ಎಷ್ಟೋ ಸಲ ಈ ಪ್ರಶ್ನೆಯೇ ಆ ಮಾತನ್ನು ಅಲ್ಲಿಗೆ ನಿಲ್ಲಿಸುತ್ತದೆ.

‘ನೀವು ನಮ್ಮನೆಯವರ ಥರಾನೇ’ ಎಂಬ ಮಾತೂ ಬರುತ್ತದೆ. ಪ್ರೀತಿಯಿಂದಲೇ ಹೇಳುತ್ತಾರೆ, ಅನುಮಾನವಿಲ್ಲ. ನನ್ನ ಅನುಭವದಲ್ಲಿ ಈ ಮಾತು ಕೇಳಿಬಂದ ವಾರವೇ ಸಂಜೆ ಆರು ಏಳಾಗುತ್ತದೆ. ಪ್ರೀತಿಯನ್ನು ಸ್ವೀಕರಿಸಿ, ಗಂಟೆಯನ್ನು ಬರೆದಿಡಿ.

ನೆರೆಮನೆಯ ಮಗುವಿನ ವಿಷಯವೂ ಇಂಥದ್ದೇ. ‘ಪಕ್ಕದ ಫ್ಲ್ಯಾಟಿನ ಪಾಪು ಇಲ್ಲೇ ಆಡ್ಕೊಂಡಿರ್ಲಿ ಬಿಡಿ’ ಎಂದು ಒಂದು ದಿನ ಬಿಟ್ಟುಹೋದ ಮಗು ದಿನಾ ಬರತೊಡಗುತ್ತದೆ. ಎರಡು ಮಕ್ಕಳಾದರೆ ದರ ಎರಡರಷ್ಟು ಕೇಳುವುದು ಅತಿಯಾಯಿತು. ಒಂದೂವರೆಯಷ್ಟು ಕೇಳಿ, ಎರಡು ಮನೆಯವರೂ ಹಂಚಿಕೊಳ್ಳಲಿ. ಗಂಟೆಗೆ 100 ಇದ್ದದ್ದು 150 ಆಗುತ್ತದೆ, ಒಂದೊಂದು ಮನೆಗೆ ಬೀಳುವುದು 75. ಅವರಿಗೆ ಉಳಿತಾಯ, ನಿಮಗೆ ಹೆಚ್ಚಳ. ಅಣ್ಣ ತಮ್ಮ ಒಂದೇ ಮನೆಯವರಾಗಿದ್ದು ದೊಡ್ಡವನು ಅರ್ಧ ದಿನ ಸ್ಕೂಲಿನಲ್ಲಿದ್ದರೆ ಕಾಲು ಭಾಗ ಹೆಚ್ಚು ಕೇಳಿದರೂ ಸಾಕು.

ಅವರ ಮನೆಯಲ್ಲೇ ಉಳಿದು ಮಾಡುವ ಕೆಲಸವನ್ನು ಮೊದಲ ಸಲಕ್ಕೆ ಒಪ್ಪಿಕೊಳ್ಳದಿರುವುದು ಒಳ್ಳೆಯದು. ಅಲ್ಲಿ ಗಂಟೆಗೆ ಆರಂಭವೂ ಇಲ್ಲ, ಕೊನೆಯೂ ಇಲ್ಲ. ಒಪ್ಪಲೇಬೇಕಾದರೆ ದಿನದಲ್ಲಿ ಯಾವ ಹೊತ್ತು ನಿಮ್ಮದು, ರಾತ್ರಿ ಮಗು ಎದ್ದರೆ ಏಳುವವರು ಯಾರು ಎಂಬೆರಡನ್ನು ಗಟ್ಟಿಮಾಡಿಕೊಳ್ಳಿ. ಊಟ, ಇರುವ ಜಾಗ ಕೊಟ್ಟಿದ್ದೇವೆ ಎಂದು ಸಂಬಳದಲ್ಲಿ ಕಳೆಯಲು ಬಿಡಬೇಡಿ.

ಅಜ್ಜಿ ಬಂದ ವಾರ

ಗಂಟೆಯ ಲೆಕ್ಕಕ್ಕೆ ಒಂದು ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಗಂಟೆ ಹೆಚ್ಚಾದಾಗ ದುಡ್ಡು ಹೆಚ್ಚುವಂತೆ, ಕಡಿಮೆಯಾದಾಗ ಕರಗುತ್ತದೆ. ಧಾರವಾಡದಿಂದ ಅಜ್ಜಿ ಬಂದರು, ಹತ್ತು ದಿನ ಬರಬೇಡಿ ಎಂದರು. ದಸರಾ ರಜೆಗೆ ಊರಿಗೆ ಹೋದರು, ಎರಡು ವಾರ ಬಾಗಿಲು ಮುಚ್ಚಿತು. ತಾಯಿಗೆ ವರ್ಕ್ ಫ್ರಂ ಹೋಮ್ ಬಂತು, ಮಧ್ಯಾಹ್ನವೇ ಹೋಗಿ ಎಂದರು. ನಿಮ್ಮ ಮನೆ ಬಾಡಿಗೆಗೆ ಇದು ಯಾವುದೂ ಗೊತ್ತಾಗುವುದಿಲ್ಲ.

ಇದಕ್ಕೆ ಉಪಾಯ, ತಿಂಗಳಿಗೆ ಇಷ್ಟು ಗಂಟೆಯ ದುಡ್ಡು ಖಾತ್ರಿ ಎಂದು ಮೊದಲೇ ಮಾತಾಡಿಕೊಳ್ಳುವುದು. ಸಾಮಾನ್ಯವಾಗಿ 160 ಗಂಟೆ ಕೆಲಸ ಇರುತ್ತದೆ ಎಂದಾದರೆ 140 ಗಂಟೆ ಖಾತ್ರಿ ಕೇಳಿ. ಗಂಟೆಗೆ 100 ಹಿಡಿದರೆ ಯಾರೇ ಬರಲಿ, ಎಲ್ಲಿಗೇ ಹೋಗಲಿ, 14,000 ನಿಮ್ಮ ಕೈಗೆ. ನೀವಾಗಿ ರಜೆ ಹಾಕಿದ ದಿನ ಇದರಲ್ಲಿ ಬರುವುದಿಲ್ಲ. ದರದಲ್ಲಿ ಐದು ರೂಪಾಯಿ ಬಿಟ್ಟುಕೊಟ್ಟಾದರೂ ಈ ಖಾತ್ರಿ ಪಡೆಯಿರಿ ಎಂಬುದು ನನ್ನ ಸಲಹೆ. ವರ್ಷದ ಕೊನೆಗೆ ಕೂಡಿಸಿ ನೋಡಿದಾಗ ಹೆಚ್ಚು ದರ, ಖಾತ್ರಿ ಇಲ್ಲ ಎಂಬ ಕೆಲಸಕ್ಕಿಂತ ಸಾಧಾರಣ ದರ, ಖಾತ್ರಿ ಇದೆ ಎಂಬ ಕೆಲಸವೇ ಹೆಚ್ಚು ತಂದಿರುತ್ತದೆ.

ಹೆಚ್ಚು ಹೊತ್ತಿನ ಮಾತೂ ಆಗಲೇ ಮುಗಿಯಲಿ. ನಿಗದಿಯ ಅವಧಿ ಮೀರಿ ದುಡಿಸಿದರೆ ಎರಡು ಪಟ್ಟು ಕೊಡಬೇಕು ಎಂಬುದು ನಮ್ಮ ವೇತನ ಕಾನೂನಿನ ಹಳೆಯ ನಿಯಮ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಅದು ಉಳಿದಿದೆ. ಮನೆಗಳಲ್ಲಿ ಎರಡು ಪಟ್ಟು ಕೊಡುವವರು ಅಪರೂಪ. ಒಂದೂವರೆ ಪಟ್ಟಾದರೂ ಕೇಳಿ. ಹತ್ತು ನಿಮಿಷ ತಡವಾದರೆ ಮಾತಾಡಬೇಡಿ, ಕಾಲು ಗಂಟೆ ದಾಟಿದರೆ ಅರ್ಧ ಗಂಟೆ ಎಂದು ಎಣಿಸುವ ಪದ್ಧತಿ ಇಟ್ಟುಕೊಳ್ಳಿ. ದುಡ್ಡು ಕೊಡಬೇಕು ಎಂದಾದ ಮೇಲೆ ಮೀಟಿಂಗ್‌ಗಳು ಹೇಗೆ ಹೊತ್ತಿಗೆ ಸರಿಯಾಗಿ ಮುಗಿಯುತ್ತವೆ ಎಂಬುದನ್ನು ನೀವೇ ನೋಡುವಿರಿ.

ಚೀಟಿಯಲ್ಲಿ ಏನಿರಬೇಕು

ದೊಡ್ಡ ಕರಾರುಪತ್ರ ಬೇಕಿಲ್ಲ. ನೋಟ್‌ಬುಕ್ಕಿನ ಒಂದು ಹಾಳೆ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಕನ್ನಡದಲ್ಲಿ ಒಂದು ಮೆಸೇಜು ಸಾಕು. ಗಂಟೆಯ ದರ, ದಿನದ ಅವಧಿ, ಖಾತ್ರಿ ಗಂಟೆ, ಹೆಚ್ಚುವರಿ ಹೊತ್ತಿನ ದರ, ಸಂಬಳದ ತಾರೀಕು, ರಜೆ, ಯಾವ ಕೆಲಸ ಸೇರಿದೆ ಯಾವುದು ಸೇರಿಲ್ಲ, ದರ ಏರುವ ತಿಂಗಳು, ಬಿಡುವುದಾದರೆ ಅಥವಾ ಬಿಡಿಸುವುದಾದರೆ ಎಷ್ಟು ದಿನ ಮೊದಲು ಹೇಳಬೇಕು. ಇಷ್ಟು ಬರೆದು ಕಳಿಸಿ ‘ಸರಿ ಇದೆಯಾ ಮೇಡಂ?’ ಎಂದು ಕೇಳಿ. ‘ಸರಿ’ ಎಂದು ಅವರು ಬರೆದರೆ ಅದೇ ಸಹಿ. ದರ ಏರಿಕೆಗೆ ಏಪ್ರಿಲ್ ಒಳ್ಳೆಯ ತಿಂಗಳು. ಸರ್ಕಾರದ ತುಟ್ಟಿಭತ್ಯೆ ಏರುವುದೂ ಆಗಲೇ, ಅವರ ಆಫೀಸಿನ ಇನ್‌ಕ್ರಿಮೆಂಟಿನ ಮಾತು ನಡೆಯುವುದೂ ಹೆಚ್ಚುಕಡಿಮೆ ಆಗಲೇ.

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ನೀವು ಬಂದ ಹೊತ್ತು, ಹೊರಟ ಹೊತ್ತು ಬರೆದಿಡಿ. ಮೈಗೇಟ್‌ನಂಥ ಆ್ಯಪ್ ಇರುವ ಅಪಾರ್ಟ್‌ಮೆಂಟುಗಳಲ್ಲಿ ನೀವು ಗೇಟು ದಾಟಿದ ಸಮಯ ತಾನಾಗಿ ದಾಖಲಾಗುತ್ತದೆ, ಮನೆಯವರ ಮೊಬೈಲಿನಲ್ಲಿ ಹಾಜರಿಯೂ ಕಾಣುತ್ತದೆ. ನಿಮ್ಮ ಮೇಲೆ ಕಣ್ಣಿಡಲು ಬಂದ ಆ ಲೆಕ್ಕ ನಿಮ್ಮ ಪರವಾಗಿಯೂ ಸಾಕ್ಷಿ ಹೇಳಬಲ್ಲದು. ಸಂಬಳವನ್ನು ಫೋನ್‌ಪೇ, ಗೂಗಲ್‌ಪೇ ಮೂಲಕ ನಿಮ್ಮದೇ ಖಾತೆಗೆ ಹಾಕಿಸಿಕೊಳ್ಳಿ, ಗಂಡನ ಅಥವಾ ಮಗನ ಖಾತೆಗೆ ಬೇಡ.

ಏಜೆನ್ಸಿ ಮೂಲಕ ಹೋಗುವವರು ಮನೆಯವರು ಎಷ್ಟು ಕೊಡುತ್ತಾರೆ, ನಿಮಗೆ ಎಷ್ಟು ಬರುತ್ತದೆ, ನಡುವಿನದು ಒಮ್ಮೆ ಮಾತ್ರವೋ ಪ್ರತಿ ತಿಂಗಳೋ ಎಂದು ಕೇಳಲೇಬೇಕು. ಹೇಳದ ಏಜೆನ್ಸಿ ಬೇಡ. ಆಧಾರ್ ಕಾರ್ಡಿನ ಜೆರಾಕ್ಸ್ ಕೊಡಿ, ಮೂಲ ಕಾರ್ಡು ಯಾರ ಕೈಯಲ್ಲೂ ಬಿಡಬೇಡಿ. ದೊಡ್ಡ ಮುಂಗಡ ತೆಗೆದುಕೊಂಡು ಕೆಲಸ ಶುರು ಮಾಡುವುದೂ ಬೇಡ. ಸಾಲ ಇರುವ ತನಕ ದರ ಏರಿಸಿ ಎನ್ನಲು ಬಾಯಿ ಬರುವುದಿಲ್ಲ.

ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಉಚಿತ, ಮನೆಗೆಲಸದವರೂ ಅದರಲ್ಲಿ ಬರುತ್ತಾರೆ. ರಾಜ್ಯದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲೂ ಹೆಸರು ಬರೆಸಬಹುದು. 18ರಿಂದ 40 ವರ್ಷದೊಳಗಿನವರಿಗೆ, ತಿಂಗಳ ವರಮಾನ 15,000 ಮೀರದಿದ್ದರೆ, 2019ರಲ್ಲಿ ಬಂದ ಪ್ರಧಾನಮಂತ್ರಿ ಶ್ರಮಯೋಗಿ ಮಾನಧನ್ ಪಿಂಚಣಿ ಇದೆ. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ 60 ತುಂಬಿದ ಮೇಲೆ ತಿಂಗಳಿಗೆ 3,000. ಈ ಕಂತನ್ನು ಮನೆಯವರು ಕೊಡಲಿ ಎಂದು ಸಂಬಳದ ಮಾತಿನಲ್ಲೇ ಸೇರಿಸಿ. ದರದಲ್ಲಿ ಐದು ರೂಪಾಯಿಗೆ ಹಿಂದೆಮುಂದೆ ನೋಡುವವರೂ ಇದನ್ನು ಸುಲಭವಾಗಿ ಒಪ್ಪುತ್ತಾರೆ. ಮನೆಗೆಲಸದವರು, ಕೆಲಸ ಕೊಡುವವರು ಇಬ್ಬರೂ ನೋಂದಣಿ ಮಾಡಿಸಬೇಕೆನ್ನುವ ಕರಡು ಮಸೂದೆಯನ್ನು ರಾಜ್ಯ ಸರ್ಕಾರ 2025ರಲ್ಲಿ ಮುಂದಿಟ್ಟಿದೆ. ಅದು ಕಾನೂನಾಗುವ ತನಕ ಕಾಯದೆ ಚೀಟಿ ಬರೆದುಕೊಳ್ಳಿ.

ಸಂಬಳ ತಡೆಹಿಡಿದರೆ ಮೊದಲು ಚೀಟಿ ತೋರಿಸಿ ಕೇಳಿ. ಆಗಲೂ ಕೊಡದಿದ್ದರೆ ಕ್ಯಾಲೆಂಡರಿನ ಲೆಕ್ಕ, ವಾಟ್ಸ್‌ಆ್ಯಪ್ ಮೆಸೇಜು, ಬ್ಯಾಂಕ್ ಪಾಸ್‌ಬುಕ್ ಹಿಡಿದು ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ. ಒಬ್ಬರೇ ಹೋಗಲು ಅಳುಕಾದರೆ ಬೆಂಗಳೂರಿನಲ್ಲಿ ಮನೆಗೆಲಸದವರ ಸಂಘಟನೆಗಳಿವೆ, ಅವರನ್ನು ಜೊತೆಗೆ ಕರೆದುಕೊಳ್ಳಿ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214, ಕನ್ನಡದಲ್ಲೇ ಮಾತಾಡಬಹುದು.